ವೈಮಾನಿಕರೂ ಅವರ ದಾರಿಯೂ

ಗೋಕಾಕ ಸೀಮೆಯ ಕೌಜಲಗಿಯ ಹೆಸರನ್ನು ನಮ್ಮ ಶ್ರೋತೃಗಳಲ್ಲಿ ಹಲವರು ಶ್ರೀಕೃಷ್ಣ ಪಾರಿಜಾತದ ಆಟದೊಡನೆ ಸೇರಿಸಿ ಕೇಳಿರಬಹುದು. ಕುಲಗೋಡದ ತಮ್ಮಣ್ಣನವರು ರಂಗದ ಮೇಲೆ ಬೆಳೆಯಿಸಿದ ಆ ಆಟವನ್ನು ಕೌಜಲಗಿಯ ನಿಂಗಮ್ಮನವರು ತಮ್ಮ ಕಂಠದಿಂದ ಮನೆಮಾತಾಗಿಸಿದರು. ಆ ಆಟದಲ್ಲಿ ಸ್ವರ್ಗದ ಪಾರಿಜಾತವು ಭೂಮಿಗೆ ಬರುವುದು. ಬಂದ ದಾರಿ ಯಾವುದೆಂದು ರಾತ್ರಿಯೆಲ್ಲ ಕುಳಿತು ನೋಡಿದವರಾರೂ ಕೇಳುವುದಿಲ್ಲ. ದೇವರು ತರುವಾಗ ದಾರಿಯ ಮಾತೇಕೆ? ಆದರೆ ಎರೆಹೊಲದಲ್ಲಿ ನಿಂತ ರೈತನು ತಲೆಯ ಮೇಲೆ ಹಾದುಹೋಗುವ ವಿಮಾನವನ್ನು ಕಂಡಾಗ ಈ ಪ್ರಶ್ನೆಯನ್ನು ತಪ್ಪದೆ ಕೇಳುವನು. ಮೈಲಿಗಲ್ಲಿಲ್ಲ, ಬಂಡಿಯ ಜಾಡಿಲ್ಲ, ದಾರಿ ಕೇಳೋಣವೆಂದರೆ ಎದುರಿಗೆ ಬರುವ ಮನುಷ್ಯನಿಲ್ಲ; ಅವನಿಗೆ ದಾರಿ ಹೇಗೆ ತಿಳಿಯುವುದು? ನಗರದಲ್ಲಿದ್ದು ವಿದ್ಯೆ ಕಲಿತ ನಾವು ಈ ಪ್ರಶ್ನೆಯನ್ನೇ ಮರೆತಿದ್ದೇವೆ. ಟಿಕೇಟು ಕೊಂಡು, ಕಿಟಕಿಯ ಪಕ್ಕದ ಆಸನ ದೊರೆಯಿತೆ ಎಂದು ವಿಚಾರಿಸಿ, ಅಷ್ಟರಲ್ಲೇ ನಮ್ಮ ಕುತೂಹಲವನ್ನು ಮುಗಿಸುವೆವು. ರೈತನ ಪ್ರಶ್ನೆಯೇ ದೊಡ್ಡದು. ಅದಕ್ಕೆ ನಮ್ಮ ನಾಡಿನ ಮೇಲೆ ಹಾರಿದವರು ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಇಂದು ಸ್ವಲ್ಪ ವಿಚಾರಿಸೋಣ.

ಕಥೆಯು ೧೯೩೨ನೆಯ ಇಸವಿಯ ಅಕ್ಟೋಬರ್ ೧೫ರಂದು ಆರಂಭವಾಗುವುದು. ಇಂಗ್ಲೆಂಡಿನಿಂದ ಇಂಪೀರಿಯಲ್ ಏರ್‌ವೇಸ್ ವಿಮಾನಗಳು ತಂದ ಅಂಚೆಯು ಆಗ ಕರಾಚಿಗೆ ಬಂದು ಇಳಿಯುತ್ತಿತ್ತು. ಅಲ್ಲಿಂದ ಅದನ್ನು ದಕ್ಷಿಣಕ್ಕೆ ಒಯ್ಯುವ ಕೆಲಸವನ್ನು ತಾತಾ ಕಂಪೆನಿಯವರು ಕೈಗೊಂಡಿದ್ದರು. ಆ ದಿನ ಬೆಳಗ್ಗೆ ಜೆ. ಆರ್. ಡಿ. ತಾತಾ ಅವರು ಪುಸ್ ಮಾತ್ ಎಂಬ ಒಂಟಿ ಯಂತ್ರದ ಸಣ್ಣ ವಿಮಾನದಲ್ಲಿ ಒಬ್ಬರೇ ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು, ಮಧ್ಯಾಹ್ನ ಬೊಂಬಾಯಿಯ ಜುಹುವನ್ನು ಮುಟ್ಟಿದರು. ಅಹಮದಾಬಾದಿನಲ್ಲಿ ಅವರ ವಿಮಾನಕ್ಕೆ ಪೆಟ್ರೋಲು ಬಂದುದು ಎತ್ತಿನ ಗಾಡಿಯಲ್ಲಿ, ಡಬ್ಬಿಗಳಲ್ಲಿ. ಬೊಂಬಾಯಿಯಿಂದ ಮುಂದಿನ ಹಾದಿಯೇ ನಮಗೆ ಸಂಬಂಧಿಸಿದ್ದು. ಬ್ರಿಟಿಷ್ ವಾಯುಪಡೆಯಲ್ಲಿ ಕೆಲಸಮಾಡಿ ಬಂದಿದ್ದ ನೆವಿಲ್ ವಿನ್ಸೆಂಟ್ ಎಂಬವರು ಅಂಚೆಯ ಚೀಲಗಳನ್ನು ತೆಗೆದುಕೊಂಡು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಹಾರಿದರು. ಈ ಉದ್ಯಮದ ಕಲ್ಪನೆಯನ್ನು ತಾತಾ ಅವರಲ್ಲಿಗೆ ಮೊದಲು ತಂದವರೂ ವಿನ್ಸೆಂಟರೇ. ಕರ್ನಾಟಕದ ನೆಲವು ಹೀಗೆ ಭಾರತದ ಮೊದಲ ಅಂಚೆಹಾದಿಗಳಲ್ಲೊಂದರ ತಂಗುದಾಣವಾಯಿತು. ಬಳ್ಳಾರಿಯ ಈ ಹಿರಿಮೆಯನ್ನು ಬಳ್ಳಾರಿಯವರೇ ಹೆಚ್ಚಾಗಿ ಹೇಳಿಕೊಳ್ಳುವುದಿಲ್ಲ. ಗಣಿಯ ಮಾತು ಬಂದರೆ ವಿಮಾನದ ಮಾತು ಹಿಂದೆ ಸರಿಯುವುದು ಸಹಜವೇ.

ವಿನ್ಸೆಂಟರ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಮುಂದಿನ ನಿಲ್ದಾಣದಲ್ಲಿ ಮಳೆಯೋ ಬಿಸಿಲೋ ಎಂದು ಹಾರುವಾಗ ಕೇಳಿ ತಿಳಿಯುವಂತಿರಲಿಲ್ಲ. ಇದ್ದುದು ನಕ್ಷೆ, ದಿಕ್ಸೂಚಿ, ಗಡಿಯಾರ, ವೇಗವನ್ನೂ ಎತ್ತರವನ್ನೂ ತೋರಿಸುವ ಕೆಲವು ಮುಳ್ಳುಗಳು, ಮತ್ತು ಎರಡು ಕಣ್ಣು. ಇಳಿಯುವ ನೆಲವೂ ಹೆಚ್ಚಿನದಾಗಿರಲಿಲ್ಲ. ಜುಹುವು ಸಮುದ್ರದ ಪಕ್ಕದ ಕೆಸರು ಬಯಲು. ಮಳೆಗಾಲದಲ್ಲಿ ಅದು ನೀರು ನಿಂತು ನಿರುಪಯೋಗವಾಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಬಿಡಾರವನ್ನು ಪುಣೆಗೆ ಸಾಗಿಸುತ್ತಿದ್ದರು. ಇಷ್ಟು ಸಾಮಗ್ರಿಯಿಂದ ಬೊಂಬಾಯಿಯನ್ನು ಬಿಟ್ಟು ಬಳ್ಳಾರಿಯನ್ನು ಕಾಣುವ ಬಗೆ ಹೇಗೆ?

ನಕ್ಷೆಯ ಮೇಲೆ ಬೊಂಬಾಯಿಯಿಂದ ಬಳ್ಳಾರಿಗೆ ಒಂದು ದಾರವನ್ನು ಎಳೆದು ಹಿಡಿಯೋಣ. ಅದು ಆಗ್ನೇಯಕ್ಕೆ ನೆಟ್ಟಗೆ ಹರಿದು, ಸಹ್ಯಾದ್ರಿಯನ್ನು ದಾಟಿ, ಕೃಷ್ಣೆಯನ್ನು ದಾಟಿ, ಬಾಗಲಕೋಟೆಯ ಬಳಿಯಲ್ಲಿ ಹಾದು ಬಳ್ಳಾರಿಗೆ ಹೋಗುವುದು. ಉದ್ದ ಸುಮಾರು ೬೧೦ ಕಿಲೋಮೀಟರು. ಗಂಟೆಗೆ ನೂರು ಮೈಲಿ, ಎಂದರೆ ೧೬೦ ಕಿಲೋಮೀಟರು ಹೋಗುವ ವಿಮಾನಕ್ಕೆ ಇದು ನಾಲ್ಕು ಗಂಟೆಗೆ ತುಸು ಕಡಮೆಯ ದಾರಿ. ದಿಕ್ಸೂಚಿಯ ಮುಳ್ಳನ್ನು ಆಗ್ನೇಯಕ್ಕೆ ಇಟ್ಟು ನಾಲ್ಕು ಗಂಟೆ ಹಾರಿದರೆ ಬಳ್ಳಾರಿ ಬಂದೇಬರಬೇಕೆಂದು ನಮಗೆ ತೋರುವುದು. ಬರುವುದಿಲ್ಲ. ಏಕೆಂದರೆ ದಾರವು ನೆಲದ ಮೇಲಿದೆ, ವಿಮಾನವು ಗಾಳಿಯಲ್ಲಿದೆ. ಗಾಳಿಯು ನಿಂತಲ್ಲಿ ನಿಲ್ಲುವ ವಸ್ತುವಲ್ಲ. ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟುವ ಅಂಬಿಗನು ಎದುರಿನ ಘಟ್ಟವನ್ನೇ ನೋಡಿ ಹುಟ್ಟು ಹಾಕಿದರೆ ಘಟ್ಟದ ಕೆಳಗೆ ಎಲ್ಲಿಯೋ ದಡ ಸೇರುವನು. ಬಲ್ಲ ಅಂಬಿಗನು ಪ್ರವಾಹವು ತನ್ನನ್ನು ಎಷ್ಟು ಒಯ್ಯುವುದೆಂದು ಮೊದಲೇ ತೂಗಿ, ಮೇಲಕ್ಕೆ ಮುಖಮಾಡಿ ಹೊರಡುವನು. ವೈಮಾನಿಕನು ಮಾಡುವುದೂ ಇದೇ. ಅಂಬಿಗನು ಕಣ್ಣಳತೆಯಿಂದ ಮಾಡುವುದನ್ನು ಇವನು ಕಾಗದದ ಮೇಲೆ ತ್ರಿಕೋಣವೊಂದನ್ನು ಬರೆದು ಮಾಡುವನು. ಒಂದು ಭುಜ ವಿಮಾನದ ವೇಗ, ಇನ್ನೊಂದು ಗಾಳಿಯ ವೇಗ, ಮೂರನೆಯದು ನೆಲದ ಮೇಲೆ ನಿಜವಾಗಿ ಸಾಗುವ ದಾರಿ.

ಇಲ್ಲಿ ನಾವು ಒಂದು ಲೆಕ್ಕವನ್ನು ಹಾಕಿ ನೋಡಿದೆವು. ಅದನ್ನು ಶ್ರೋತೃಗಳ ಮುಂದಿಡಲು ಈ ಉಪನ್ಯಾಸವೇ ನೆಪವೆಂದರೂ ಸಲ್ಲುವುದು. ಅಕ್ಟೋಬರಿನ ಮಧ್ಯಭಾಗವೆಂದರೆ ಮುಂಗಾರು ಹಿಂದೆಗೆದು ಈಶಾನ್ಯದ ಗಾಳಿಯು ತಲೆದೋರುವ ಕಾಲ. ಆ ವರ್ಷ ಅದು ಶೀಗಿ ಹುಣ್ಣಿಮೆಯ ಸುಮಾರು, ನಮ್ಮ ಹೆಣ್ಣುಮಕ್ಕಳು ಹೊಲಕ್ಕೆ ಚರಗ ಒಯ್ಯುವ ದಿನಗಳು. ಬೊಂಬಾಯಿಯಿಂದ ಹೊರಟ ವೈಮಾನಿಕನೊಬ್ಬನು ಗಂಟೆಗೆ ಬರಿಯ ೨೫ ಕಿಲೋಮೀಟರು ವೇಗದ ಈಶಾನ್ಯದ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದನೆಂದು ಭಾವಿಸೋಣ. ನಮ್ಮ ಮುಖಕ್ಕೆ ಸೋಕಿದರೆ ಹಿತವೆನಿಸುವಷ್ಟೇ ಗಾಳಿ ಅದು. ಅದು ಅವನನ್ನು ಗಂಟೆಗೆ ೨೫ ಕಿಲೋಮೀಟರಿನಂತೆ ಬಲಕ್ಕೆ ತಳ್ಳುತ್ತಲೇ ಇರುವುದು. ಸುಮಾರು ಎರಡೂವರೆ ಗಂಟೆಯ ಹೊತ್ತಿಗೆ ಅವನು ದಾರದಿಂದ ೬೦ ಕಿಲೋಮೀಟರು ನೈಋತ್ಯಕ್ಕೆ ಸರಿದಿರುವನು. ಬಾಗಲಕೋಟೆಯು ಸಮೀಪಿಸಿತೆಂದು ಕೆಳಗೆ ಬಗ್ಗಿ ನೋಡಿದರೆ ಅವನ ಅಡಿಯಲ್ಲಿರುವ ಸೀಮೆ ಬಾಗಲಕೋಟೆಯದಲ್ಲ, ಕೌಜಲಗಿಯದು! ಈ ಲೆಕ್ಕವು ನಮ್ಮದು. ವಿನ್ಸೆಂಟರು ಹೀಗೆ ದಾರಿತಪ್ಪಿದರೆಂದು ಯಾರೂ ತಿಳಿಯಬಾರದು. ಅವರು ಅಂಚೆಯನ್ನು ಮದರಾಸಿಗೆ ಮುಟ್ಟಿಸಿದರು.

ನಮ್ಮ ಕಲ್ಪನೆಯ ವೈಮಾನಿಕನಿಗೆ ಅಪಾಯವಿರುವುದು ದಾರಿ ತಪ್ಪಿದುದರಲ್ಲಿ ಅಷ್ಟಲ್ಲ, ತಪ್ಪಿದುದು ತಿಳಿಯದೆ ಇರುವುದರಲ್ಲಿ. ಬಾಗಲಕೋಟೆಯ ಗುರುತೇನು? ಘಟಪ್ರಭಾ ನದಿ. ಕೌಜಲಗಿ ಸೀಮೆಯ ಬಳಿ ಹರಿಯುವ ನದಿ ಯಾವುದು? ಅದೇ ಘಟಪ್ರಭಾ. ಅದೇ ಕರಿಯ ನೆಲ, ಅದೇ ಜೋಳದ ಹೊಲ, ಅದೇ ಬಾಗಿ ಬಳುಕುವ ನೀರಿನ ಗೆರೆ. ಮನಸ್ಸು ತಾನು ಬಯಸಿದುದನ್ನು ಕಾಣಲು ಹವಣಿಸುತ್ತಲೇ ಇರುವುದರಿಂದ, ನದಿಯನ್ನು ಕಂಡೊಡನೆ ‘ಇದೋ ಬಾಗಲಕೋಟೆಯ ನದಿ’ ಎಂದು ಒಪ್ಪಿಕೊಂಡುಬಿಡುವುದು. ಆದರೆ ಬಾಗಲಕೋಟೆಗೆ ಇನ್ನೊಂದು ಗುರುತುಂಟು. ಹೋಟಗಿಯಿಂದ ಬಿಜಾಪುರದ ಮೇಲೆ ಗದಗಿಗೆ ಹೋಗುವ ರೈಲುದಾರಿ ಅಲ್ಲಿ ಉತ್ತರದಕ್ಷಿಣವಾಗಿ ಹಾದಿದೆ. ಕೌಜಲಗಿಯಲ್ಲಿ ರೈಲಿಲ್ಲ. ನದಿಯಿದ್ದು ರೈಲಿಲ್ಲದಿದ್ದರೆ ತಾನು ನಿಂತ ಜಾಗ ತನ್ನ ನಕ್ಷೆಯ ಜಾಗವಲ್ಲವೆಂದು ಅವನು ಅರಿಯಬೇಕು. ಇದ್ದುದನ್ನು ಕಂಡು ಸಂತೋಷಪಡುವವನಿಗಿಂತ ಇರಬೇಕಾದುದು ಇಲ್ಲವೆಂದು ಗಮನಿಸುವವನೇ ಒಳ್ಳೆಯ ವೈಮಾನಿಕನು. ಆ ಕಾಲದ ವೈಮಾನಿಕರಿಗೆ ರೈಲಿನ ಕಂಬಿಗಳು ಅಷ್ಟು ಪ್ರಿಯವಾಗಿದ್ದುದಕ್ಕೆ ಇದೇ ಕಾರಣ. ನದಿಗಳು ಮಳೆಗಾಲದಲ್ಲಿ ಹಬ್ಬಿ ಬೇಸಗೆಯಲ್ಲಿ ಬತ್ತಿ ಮುಖ ಬದಲಿಸುವುವು, ಕೆರೆಗಳೂ ಹಾಗೆಯೇ, ರೈಲುದಾರಿ ಬದಲಾಗುವುದಿಲ್ಲ. ಇಂದು ಅದೇ ಹಾದಿಯಲ್ಲಿ ಹಾರುವವನಿಗೆ ಆಲಮಟ್ಟಿಯ ಮಹಾಜಲಾಶಯವು ಬಹುದೂರದಿಂದ ಕಾಣುವುದು. ಹಳೆಯ ಬಾಗಲಕೋಟೆಯ ಒಂದು ಭಾಗವೇ ಅದರ ಹಿನ್ನೀರಿನಲ್ಲಿ ಮುಳುಗಿದೆ. ಪಶ್ಚಿಮಕ್ಕೆ ಹುಕ್ಕೇರಿ ಸೀಮೆಯ ಹಿಡಕಲ್ ಜಲಾಶಯವುಂಟು. ೧೯೩೨ರಲ್ಲಿ ಇವೆರಡೂ ಇರಲಿಲ್ಲ. ಇದ್ದ ದೊಡ್ಡ ಗುರುತೆಂದರೆ ೧೭೦ ಅಡಿ ಧುಮುಕುವ ಗೋಕಾಕದ ಜಲಪಾತ, ಅದರ ಪಕ್ಕದಲ್ಲಿ ೧೯ನೆಯ ಶತಮಾನದಿಂದಲೂ ನಡೆದುಬಂದ ನೂಲಿನ ಗಿರಣಿ.

ದಾರಿ ತಪ್ಪಿದುದು ತಿಳಿದ ಬಳಿಕ ಸರಿಪಡಿಸಿಕೊಳ್ಳಲು ವೈಮಾನಿಕರಲ್ಲಿ ಒಂದು ಬಾಯಿಲೆಕ್ಕವುಂಟು. ನಮಗೆ ಅದು ಬಹಳ ಮೆಚ್ಚಿಗೆಯಾಯಿತು. ಅರುವತ್ತು ಮೈಲಿ ಹಾರಿದಾಗ ಒಂದು ಮೈಲಿ ಪಕ್ಕಕ್ಕೆ ಸರಿದಿದ್ದರೆ ದಿಕ್ಕಿನ ತಪ್ಪು ಒಂದು ಅಂಶ. ಎರಡು ಮೈಲಿ ಸರಿದಿದ್ದರೆ ಎರಡು ಅಂಶ. ಮೈಲಿಯ ಬದಲು ಕಿಲೋಮೀಟರು ಎಂದರೂ ಲೆಕ್ಕ ಕೆಡುವುದಿಲ್ಲ. ಕಾಗದ ಲೇಖನಿಗಳ ಹಂಗಿಲ್ಲದೆ, ಒಂದು ಕೈಯಲ್ಲಿ ವಿಮಾನವನ್ನು ಹಿಡಿದಿರುವಾಗ ಮಾಡಬಹುದಾದ ಗಣಿತವಿದು. ಇದನ್ನು ೧೯೩೨ರಲ್ಲಿ ಬಲ್ಲವರಿಗೆ ಹೇಗೆ ಉಪಯೋಗವಿತ್ತೋ ಇಂದು ಕಲಿಯುವವರಿಗೂ ಹಾಗೆಯೇ ಉಪಯೋಗವಿದೆ.

ಇಷ್ಟನ್ನು ಆ ಮೊದಲ ತಲೆಮಾರಿನವರು ಎಲ್ಲಿ ಕಲಿತರು? ಕೆಲವರು ಮೊದಲ ಮಹಾಯುದ್ಧದ ಕಾಲದ ಸೈನ್ಯದಲ್ಲಿ, ಉಳಿದವರು ೧೯೨೮ರಿಂದೀಚೆಗೆ ದೆಹಲಿ, ಬೊಂಬಾಯಿ ಮೊದಲಾದ ನಗರಗಳಲ್ಲಿ ತೆರೆದ ಹಾರಾಟದ ಕ್ಲಬ್ಬುಗಳಲ್ಲಿ. ತಾತಾ ಅವರಿಗೆ ಭಾರತದಲ್ಲಿ ಕೊಟ್ಟ ಮೊದಲ ಪರವಾನಗಿ ದೊರೆತುದು ೧೯೨೯ರ ಫೆಬ್ರವರಿ ೧೦ರಂದು. ಕ್ಲಬ್ಬೆಂಬ ಹೆಸರೇ ಸೂಚಿಸುವಂತೆ ಆಗ ಇದು ಉಳ್ಳವರ ಹವ್ಯಾಸವಾಗಿತ್ತು. ಕೌಜಲಗಿಯ ಒಕ್ಕಲಿಗನ ಮಗನಿಗೆ ಆ ಬಾಗಿಲು ತೆರೆದಿರಲಿಲ್ಲ. ಬೆಂಗಳೂರಿನ ಗುಮಾಸ್ತೆಯ ಮಗನಿಗೂ ತೆರೆದಿರಲಿಲ್ಲ. ಹಣವಿದ್ದವನಿಗೆ ಆಕಾಶ, ಇಲ್ಲದವನಿಗೆ ಕುತ್ತಿಗೆನೋವು.

ಬಾಗಿಲು ನಮ್ಮ ಕಡೆಗೆ ತೆರೆದುದು ಎರಡನೆಯ ಮಹಾಯುದ್ಧದ ಸಮಯದಲ್ಲಿ ಮತ್ತು ಅದರ ನಂತರ. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರ್ಕಾರದ ಸಹಾಯದಿಂದಲೂ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಹುಟ್ಟಿತು. ೧೯೪೨ರಲ್ಲಿ ಬ್ರಿಟಿಷ್ ವಾಯುಪಡೆಯವರು ಬೆಳಗಾವಿಯ ಪಕ್ಕದ ಸಾಂಬ್ರಾದಲ್ಲಿ ವಿಮಾನದ ನೆಲೆಯನ್ನು ಕಟ್ಟಿದರು. ಸ್ವಾತಂತ್ರ್ಯದ ತರುವಾಯ ಅದು ಭಾರತೀಯ ವಾಯುಪಡೆಯದಾಯಿತು. ೧೯೪೮ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ, ಮಹಾರಾಜರು ಕೊಟ್ಟ ನೆಲದ ಮೇಲೆ, ಸರ್ಕಾರದ ಹಾರಾಟದ ಶಾಲೆ ಸ್ಥಾಪಿತವಾಯಿತು. ಕ್ಲಬ್ಬು ಹೋಗಿ ಶಾಲೆ ಎಂಬ ಮಾತು ಬಂದುದನ್ನು ಶ್ರೋತೃಗಳು ಗಮನಿಸಬೇಕು. ಕ್ಲಬ್ಬಿಗೆ ಸದಸ್ಯರಿರುವರು, ಶಾಲೆಗೆ ವಿದ್ಯಾರ್ಥಿಗಳು. ಆ ಶಾಲೆಯಿಂದ ಮೊದಲಿಗೆ ಹೊರಬಂದವರಲ್ಲಿ ಉಷಾ ಸುಂದರಂ ಒಬ್ಬರು. ಅವರ ಪತಿ ವಿ. ಸುಂದರಂ ಅವರು ಮೈಸೂರು ಮಹಾರಾಜರ ವೈಮಾನಿಕರಾಗಿದ್ದು ಜಕ್ಕೂರಿನ ಶಾಲೆಯನ್ನು ನಡೆಯಿಸಿದವರು. ಈ ದಂಪತಿಗಳು ಡಿ ಹ್ಯಾವಿಲೆಂಡ್ ಡವ್ ಎಂಬ ವಿಮಾನವನ್ನು ಇಂಗ್ಲೆಂಡಿನಿಂದ ಬೊಂಬಾಯಿಗೆ ೨೭ ಗಂಟೆಗಳಲ್ಲಿ ತಂದುದು ಆ ದಿನಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಸೀರೆಯುಟ್ಟ ಹೆಣ್ಣುಮಗಳು ಮೋಟಾರು ಓಡಿಸಿದರೇ ಬೀದಿಯ ಜನ ನಿಂತು ನೋಡುತ್ತಿದ್ದ ಕಾಲ ಅದು. ೧೯೫೧ರಲ್ಲಿ ಬೆಂಗಳೂರಿನ ಕಾರ್ಖಾನೆಯು ವಿ. ಎಂ. ಘಾಟಗೆಯವರ ಮೇಲ್ವಿಚಾರಣೆಯಲ್ಲಿ ಎಚ್. ಟಿ. ೨ ಎಂಬ ತರಬೇತಿಯ ವಿಮಾನವನ್ನು ಮೊದಲು ಹಾರಿಸಿತು. ಕಲಿಯುವ ನೆಲವೂ ಕಲಿಸುವ ಯಂತ್ರವೂ ಹೀಗೆ ನಮ್ಮಲ್ಲಿಯೇ ದೊರಕಿದಂತಾಯಿತು. ೧೯೫೩ರಲ್ಲಿ ವಿಮಾನ ಕಂಪೆನಿಗಳು ರಾಷ್ಟ್ರೀಕರಣವಾದುವು, ನಾಲ್ಕು ದಶಕಗಳ ಮೇಲೆ ಮತ್ತೆ ಖಾಸಗಿಯವರಿಗೆ ಅವಕಾಶವಾಯಿತು. ಈ ವ್ಯವಹಾರದ ಚರಿತ್ರೆ ಬೇರೆಯೇ ಒಂದು ಉಪನ್ಯಾಸಕ್ಕೆ ಸಾಕಾಗುವುದು. ಅದನ್ನು ಇಲ್ಲಿ ಬಿಡುತ್ತೇವೆ.

ಸಾಂಬ್ರಾಕ್ಕೆ ಮರಳೋಣ. ೨೦೧೭ರಲ್ಲಿ ಅಲ್ಲಿ ಪ್ರಯಾಣಿಕರಿಗಾಗಿ ಹೊಸ ಕಟ್ಟಡವಾಯಿತು. ೨೦೨೧ರಲ್ಲಿ ಭಾರತ ಸರ್ಕಾರದ ವಿಮಾನನಿಲ್ದಾಣ ಪ್ರಾಧಿಕಾರವು ದೇಶದ ಐದು ನಿಲ್ದಾಣಗಳಲ್ಲಿ ಹಾರಾಟದ ಶಾಲೆಗಳನ್ನು ತೆರೆಯಲು ನೆಲ ಕೊಡಲು ನಿಶ್ಚಯಿಸಿದಾಗ ಅವುಗಳಲ್ಲಿ ಎರಡು ಕರ್ನಾಟಕದವು, ಬೆಳಗಾವಿ ಮತ್ತು ಕಲಬುರಗಿ. ಘಟಪ್ರಭೆಯ ಸೀಮೆಯ ಮೇಲೆ ಈಚೆಗೆ ಸಣ್ಣ ವಿಮಾನಗಳ ಗುಂಯ್‌ಗುಟ್ಟುವಿಕೆ ಹೆಚ್ಚಾಗಿರುವುದಕ್ಕೆ ಇದೇ ಕಾರಣ. ಆ ಶಬ್ದದೊಳಗೆ ಕುಳಿತಿರುವವರು ಹದಿನೆಂಟು ಇಪ್ಪತ್ತು ವರ್ಷದ ಹುಡುಗ ಹುಡುಗಿಯರು.

ಅವರು ಕಲಿಯಬೇಕಾದುದೇನೆಂಬುದನ್ನು ಕೇಳಿದರೆ ೧೯೩೨ ಎಷ್ಟು ದೂರ, ಎಷ್ಟು ಹತ್ತಿರ ಎಂಬುದು ತಿಳಿಯುವುದು. ವಾಣಿಜ್ಯ ವೈಮಾನಿಕನ ಪರವಾನಗಿಗೆ ನಮ್ಮ ದೇಶದಲ್ಲಿ ಹದಿನೆಂಟು ತುಂಬಿರಬೇಕು. ವೈದ್ಯರ ಕಟ್ಟುನಿಟ್ಟಾದ ಪರೀಕ್ಷೆಯಾಗಬೇಕು. ದಾರಿ ಹಿಡಿಯುವ ಶಾಸ್ತ್ರ, ಹವಾಮಾನ, ಆಕಾಶದ ಕಾನೂನು, ಯಂತ್ರವಿಜ್ಞಾನ, ರೇಡಿಯೋ ಸಂಭಾಷಣೆ, ಇವುಗಳಲ್ಲಿ ತೇರ್ಗಡೆಯಾಗಬೇಕು. ಮತ್ತು ೨೦೦ ಗಂಟೆ ಹಾರಿರಬೇಕು. ಅದರಲ್ಲಿ ೧೦೦ ಗಂಟೆ ವಿಮಾನದ ಹೊಣೆಯೆಲ್ಲ ತನ್ನ ಮೇಲೆಯೇ ಇರಬೇಕು. ಒಮ್ಮೆಯಾದರೂ ೩೦೦ ನಾವಿಕ ಮೈಲಿಗೆ, ಎಂದರೆ ಸುಮಾರು ೫೫೫ ಕಿಲೋಮೀಟರಿಗೆ ಕಡಮೆಯಿಲ್ಲದ ಯಾತ್ರೆಯನ್ನು ಕೈಗೊಂಡು ನಡುವೆ ಎರಡು ಪರಸ್ಥಳಗಳಲ್ಲಿ ಇಳಿದು ಬರಬೇಕು. ಸಾಂಬ್ರಾದಿಂದ ಕಲಬುರಗಿಗೆ, ಅಲ್ಲಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಸಾಂಬ್ರಾಕ್ಕೆ ಸುತ್ತಿದರೆ ೬೫೦ ಕಿಲೋಮೀಟರಿಗೂ ಮೇಲಾಗುವುದು. ಮೊದಲ ಭಾಗದಲ್ಲಿ ಕೌಜಲಗಿಯ ಸೀಮೆಯು ದಾರಿಯ ಸಮೀಪದಲ್ಲಿ ಬರುವುದು. ಬಾರದಿದ್ದರೆ? ಗಾಳಿಯ ಲೆಕ್ಕ ತಪ್ಪಿತೆಂದು ತಿಳಿಯಬೇಕು.

ಪರವಾನಗಿ ಕೈಗೆ ಬಂದ ಮಾತ್ರಕ್ಕೆ ನೂರೆಂಬತ್ತು ಜನರ ಹಡಗನ್ನು ಯಾರೂ ಕೈಗೆ ಕೊಡುವುದಿಲ್ಲ. ಒಂದೊಂದು ಜಾತಿಯ ದೊಡ್ಡ ವಿಮಾನಕ್ಕೂ ಬೇರೆ ಬೇರೆ ತರಬೇತಿಯುಂಟು. ಅದು ಬಹುಮಟ್ಟಿಗೆ ನೆಲದ ಮೇಲೆಯೇ, ಸಿಮ್ಯುಲೇಟರ್ ಎಂಬ ಕೃತಕ ವಿಮಾನದಲ್ಲಿ ನಡೆಯುವುದು. ಅಲ್ಲಿ ಶಿಕ್ಷಕನು ಹಿಂದೆ ಕುಳಿತು ಯಂತ್ರಕ್ಕೆ ಬೆಂಕಿ ಹಚ್ಚುವನು, ಗಾಳಿಯನ್ನು ಕೆರಳಿಸುವನು, ಮುಂಜಾನೆಯನ್ನು ಕಾರಿರುಳಾಗಿಸುವನು. ಆ ಬಳಿಕ ಸಹವೈಮಾನಿಕನಾಗಿ ಬಲಗಡೆಯ ಆಸನದಲ್ಲಿ ವರ್ಷಗಟ್ಟಲೆ ಕುಳಿತು, ಒಟ್ಟು ೧೫೦೦ ಗಂಟೆ ತುಂಬಿಸಿ, ಮೇಲಿನ ಪರವಾನಗಿಯನ್ನು ಪಡೆದು, ಕ್ರಮೇಣ ಎಡಗಡೆಯ ಆಸನಕ್ಕೆ ಅರ್ಹನಾಗುವನು. ನಾಯಕನಾದ ಮೇಲೆಯೂ ಬಿಡುಗಡೆಯಿಲ್ಲ. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ನಿಲ್ಲಬೇಕು. ನಮ್ಮಲ್ಲಿ ವಕೀಲರಿಗೂ ವೈದ್ಯರಿಗೂ, ಉಪನ್ಯಾಸಕರಿಗೂ, ಇಂಥ ನಿಯಮವಿದ್ದಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದೆವೋ ಹೇಳಲಾರೆವು.

ಇನ್ನು ಇವರು ದಾರಿಯನ್ನು ನಿಶ್ಚಯಿಸುವ ಬಗೆ. ಪ್ರಯಾಣಿಕರು ಸಾಲಿನಲ್ಲಿ ನಿಂತಿರುವಾಗ ವೈಮಾನಿಕರ ಮುಂದೆ ಲೆಕ್ಕದ ಹಾಳೆಗಳಿರುವುವು. ಅದರ ತಿರುಳು ಇಂಧನ. ಊರು ಮುಟ್ಟಲು ಬೇಕಾದುದಷ್ಟೇ ಅಲ್ಲ. ಗಾಳಿಯ ಲೆಕ್ಕ ತಪ್ಪಿದರೆ ಬೇಕಾಗುವುದೆಂದು ಅದರ ಮೇಲೆ ನೂರಕ್ಕೆ ಐದರ ಸುಮಾರು. ಊರು ಮುಟ್ಟಿಯೂ ಇಳಿಯಲಾಗದಿದ್ದರೆ ಇನ್ನೊಂದು ಊರಿಗೆ ಹೋಗಲು ಬೇಕಾದಷ್ಟು. ಅಲ್ಲಿಯೂ ತಡವಾದರೆ ಅರ್ಧ ಗಂಟೆ ಸುತ್ತುತ್ತಿರಲು ಬೇಕಾದಷ್ಟು. ಬೆಳಗಾವಿಗೆ ಹೊರಟವನು ಹುಬ್ಬಳ್ಳಿಯನ್ನೋ ಗೋವೆಯನ್ನೋ ಮನಸ್ಸಿನಲ್ಲಿಟ್ಟುಕೊಂಡೇ ಹೊರಡುವನು. ಸಾಂಬ್ರಾದಲ್ಲಿ ಇದು ಬರಿಯ ಶಾಸ್ತ್ರದ ಮಾತಲ್ಲ. ಸಹ್ಯಾದ್ರಿಯ ಮಗ್ಗುಲಿನ ಆ ಪ್ರಸ್ಥಭೂಮಿಯ ಮೇಲೆ ಆಷಾಢ ಶ್ರಾವಣಗಳಲ್ಲಿ ಮೋಡವು ನೆಲಕ್ಕೆ ಮುಟ್ಟುವಂತೆ ಇಳಿದು, ಓಡುದಾರಿಯನ್ನು ಮುಚ್ಚಿಬಿಡುವುದು. ಸಾಕಷ್ಟು ಇಂಧನವಿದ್ದವನು ಶಾಂತನಾಗಿ ತಿರುಗಿಕೊಳ್ಳುವನು. ಹಾಗೆಂದು ಬೇಕಾದಷ್ಟು ತುಂಬಿಕೊಳ್ಳಲೂ ಬಾರದು; ಇಂಧನವೇ ಭಾರ, ಭಾರವನ್ನು ಹೊರಲು ಮತ್ತೆ ಇಂಧನ. ಸಾಂಬ್ರಾ ಸಮುದ್ರಮಟ್ಟಕ್ಕಿಂತ ಸುಮಾರು ೨೫೦೦ ಅಡಿ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಲಿನಲ್ಲಿ ಇನ್ನೂ ತೆಳು. ರೆಕ್ಕೆಗೆ ಆಸರೆ ಕಡಮೆ, ಯಂತ್ರಕ್ಕೆ ಉಸಿರು ಕಡಮೆ. ಆದುದರಿಂದ ಬೇಸಗೆಯ ಮಧ್ಯಾಹ್ನ ಅಲ್ಲಿಂದ ಏಳುವ ವಿಮಾನವು ಮಂಗಳೂರಿನ ಕಡಲತಡಿಯ ಚಳಿಗಾಲದ ಬೆಳಗಿನಲ್ಲಿ ಏಳುವುದಕ್ಕಿಂತ ಹೆಚ್ಚು ದೂರ ಓಡಬೇಕು.

ದೂರದ ಪ್ರಯಾಣಗಳಲ್ಲಿ ಲೆಕ್ಕವು ವಿಚಿತ್ರವಾದ ದಾರಿಗಳನ್ನು ತೋರಿಸುವುದು. ೨೦೨೧ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನಾಯಕತ್ವದಲ್ಲಿ ಏರ್ ಇಂಡಿಯಾ ವಿಮಾನವೊಂದು ಅಮೆರಿಕದ ಸಾನ್‌ಫ್ರಾನ್ಸಿಸ್ಕೋದಿಂದ ನೇರವಾಗಿ ಬೆಂಗಳೂರಿಗೆ ಬಂದಿತು, ವೈಮಾನಿಕರೆಲ್ಲರೂ ಮಹಿಳೆಯರೇ. ಅವರು ಬಂದುದು ಉತ್ತರಧ್ರುವದ ಮೇಲಿನಿಂದ. ಗೋಡೆಯ ನಕ್ಷೆಯನ್ನು ನೋಡಿದವರಿಗೆ ಇದು ಮೂಗನ್ನು ತಲೆಯ ಹಿಂದಿನಿಂದ ಕೈಸುತ್ತಿ ಹಿಡಿದಂತೆ ತೋರುವುದು. ಆದರೆ ಭೂಗೋಲದ ಗುಂಡಿನ ಮೇಲೆ ಎರಡೂರಿನ ನಡುವೆ ದಾರವನ್ನು ಬಿಗಿದು ಹಿಡಿಯಿರಿ. ಅದು ತಾನಾಗಿ ಧ್ರುವದ ಕಡೆಗೆ ಜಾರುವುದು. ಆ ದಾರದ ಉದ್ದ ಸುಮಾರು ೧೪,೦೦೦ ಕಿಲೋಮೀಟರು. ಅಂಥ ದಾರಿಯಲ್ಲಿ ಹಾರುವವರು ಇಂಧನವು ಚಳಿಗೆ ಹೆಪ್ಪುಗಟ್ಟೀತೆ ಎಂಬುದನ್ನೂ ಎಣಿಸಬೇಕು. ಜೆಟ್ ವಿಮಾನಗಳ ಸಾಮಾನ್ಯ ಇಂಧನವು ಸೊನ್ನೆಗಿಂತ ೪೭ ಡಿಗ್ರಿ ಕೆಳಗೆ ಹೆಪ್ಪಾಗತೊಡಗುವುದು, ಅಮೆರಿಕದಲ್ಲಿ ಬಳಸುವ ಬಗೆಯು ೪೦ ಡಿಗ್ರಿ ಕೆಳಗೇ. ಧ್ರುವದ ಆಕಾಶದ ಶೀತವು ಇದಕ್ಕೆ ಸೋಲುವಂಥದಲ್ಲ.

ಈಗ ದಾರಿಯನ್ನು ತೋರಿಸಲು ಉಪಗ್ರಹಗಳಿವೆ, ಗಾಳಿಯನ್ನು ಕ್ಷಣಕ್ಷಣಕ್ಕೂ ಅಳೆದು ತಾವೇ ತಿದ್ದಿಕೊಳ್ಳುವ ಯಂತ್ರಗಳಿವೆ. ನದಿಯನ್ನು ಕಂಡು ಬಾಗಲಕೋಟೆಯೆಂದು ಭ್ರಮಿಸುವ ಕಾಲ ಹೋಯಿತೆಂದು ನಾವು ನೆಮ್ಮದಿಯಾಗಿರಬಹುದಿತ್ತು. ನಮ್ಮ ನಾಡಿನ ಎರಡು ದುಃಖದ ದಿನಗಳು ಆ ನೆಮ್ಮದಿಯನ್ನು ಕೊಡುವುದಿಲ್ಲ. ೧೯೯೦ರ ಫೆಬ್ರವರಿ ೧೪ರಂದು ಬೊಂಬಾಯಿಯಿಂದ ಬಂದ ಹೊಸ ಮಾದರಿಯ ಏರ್‌ಬಸ್ ವಿಮಾನವು ಬೆಂಗಳೂರಿನ ಓಡುದಾರಿಗೆ ಮುನ್ನವೇ ನೆಲಕ್ಕೆ ಬಡಿಯಿತು. ೧೪೬ ಮಂದಿಯಲ್ಲಿ ೯೨ ಮಂದಿ ತೀರಿಕೊಂಡರು. ಯಂತ್ರಗಳು ಕೆಟ್ಟಿರಲಿಲ್ಲ. ಇಳಿಯುವಾಗ ಅವು ಬರಿದೇ ತಿರುಗುತ್ತಿದ್ದುವು, ವೇಗವು ಕುಗ್ಗುತ್ತಿತ್ತು. ಅದನ್ನು ತೋರಿಸುವ ಅಂಕಿಗಳು ಕಣ್ಣಮುಂದೆಯೇ ಇದ್ದುವು. ಎಲ್ಲವೂ ಸರಿಯಾಗಿದೆಯೆಂಬ ಎಣಿಕೆಯು ಅಂಕಿಗಳನ್ನು ಮರೆಮಾಡಿತು.

ಮಂಗಳೂರಿನದು ಇನ್ನೂ ಕಠಿನವಾದ ಪಾಠ. ೨೦೧೦ರ ಮೇ ೨೨ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ಗುಡ್ಡದ ತಲೆಯ ಮೇಲಿನ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿತು. ೧೬೬ ಮಂದಿಯಲ್ಲಿ ೧೫೮ ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಓಡುದಾರಿಯ ಉದ್ದ ಸುಮಾರು ೮೦೦೦ ಅಡಿ. ವಿಮಾನವು ನೆಲ ಮುಟ್ಟಿದುದು ಅದರಲ್ಲಿ ೫೨೦೦ ಅಡಿ ಕಳೆದ ಮೇಲೆ. ವಿಮಾನವು ಬರಬೇಕಾದುದಕ್ಕಿಂತ ಬಹಳ ಎತ್ತರದಿಂದ, ಬಹಳ ವೇಗದಿಂದ ಬರುತ್ತಿದ್ದಿತು. ಹಾಗಾದಾಗ ಮಾಡಬೇಕಾದ ಕೆಲಸವನ್ನು ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲನು: ಇಳಿಯುವುದನ್ನು ಬಿಟ್ಟು ಮತ್ತೆ ಮೇಲಕ್ಕೇರಿ, ಒಂದು ಸುತ್ತು ಬಂದು, ಹೊಸದಾಗಿ ಇಳಿಯುವುದು. ಸಹವೈಮಾನಿಕರು ಹಾಗೆ ಮಾಡೋಣವೆಂದು ಮೂರು ಸಲ ಹೇಳಿದರೆಂದು ವಿಚಾರಣಾ ನ್ಯಾಯಾಲಯದ ವರದಿಯಲ್ಲಿದೆ. ನಾಯಕರು ಹಾರಾಟದ ಬಹುಭಾಗ ನಿದ್ರಿಸಿದ್ದು, ಎಚ್ಚತ್ತ ಮೇಲೂ ಆ ಮಂಪರು ಅವರ ವಿವೇಚನೆಯನ್ನು ಕವಿದಿದ್ದಿರಬೇಕೆಂದೂ ಅದೇ ವರದಿ ಹೇಳುವುದು.

ಇಲ್ಲಿ ನಾವು ಬಹಳ ಹೊತ್ತು ಯೋಚಿಸಿದೆವು. ಬಲಗಡೆಯ ಆಸನದಲ್ಲಿ ಕುಳಿತವನಿಗೆ ಸತ್ಯವು ತಿಳಿದಿತ್ತು. ಹೇಳಿದನು ಕೂಡ. ಹಿರಿಯನ ಕೈಯಿಂದ ಹಿಡಿಯನ್ನು ಕಿ್ತ್ತುಕೊಳ್ಳುವುದು ಮಾತ್ರ ಆಗಲಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದೆಂದು ಮಕ್ಕಳಿಗೆ ತೊಟ್ಟಿಲಿನಿಂದಲೇ ಕಲಿಸುವ ಮನೆಗಳು ನಮ್ಮವು. ಅದನ್ನು ನಾವು ಹಳಿಯುವುದಿಲ್ಲ. ಆದರೆ ವಿಮಾನದೊಳಗೆ ಆ ಪಾಠವನ್ನು ಮರೆಯಿಸಬೇಕಾಗುವುದು. ಆದುದರಿಂದಲೇ ಇಂದಿನ ವಿಮಾನ ಕಂಪೆನಿಗಳ ತರಬೇತಿಯಲ್ಲಿ, ಇಬ್ಬರು ಕೂಡಿ ಯೋಚಿಸುವುದು, ಕಿರಿಯನು ಸಂಕೋಚವಿಲ್ಲದೆ ಎಚ್ಚರಿಸುವುದು, ಎಚ್ಚರಿಕೆಗೆ ಓಗೊಡದಿದ್ದರೆ ತಾನೇ ಹಿಡಿಯನ್ನು ವಹಿಸಿಕೊಳ್ಳುವುದು, ಇವುಗಳನ್ನು ಯಂತ್ರವನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಕಲಿಸುವರು. ಮೇಲಕ್ಕೇರಿ ಸುತ್ತುಬಂದುದಕ್ಕಾಗಿ ಯಾವ ವೈಮಾನಿಕನನ್ನೂ ದಂಡಿಸಬಾರದೆಂಬ ನೀತಿಯೂ ಬೇರೂರುತ್ತಿದೆ. ನಮ್ಮ ವಿಮಾನವು ನೆಲದ ಸಮೀಪಕ್ಕೆ ಬಂದು ಇಳಿಯದೆ ಮತ್ತೆ ಗರ್ಜಿಸುತ್ತ ಮೇಲೇರಿದರೆ ಪ್ರಯಾಣಿಕರಾದ ನಾವು ಗಡಿಯಾರ ನೋಡಿ ಗೊಣಗುವೆವು. ಗೊಣಗಬಾರದು.

ಸಾಂಬ್ರಾದ ಶಾಲೆಗಳಲ್ಲಿ ಕಲಿಯುವವರ ಸಣ್ಣ ವಿಮಾನವು ಗಂಟೆಗೆ ೨೦೦ ಕಿಲೋಮೀಟರಿನಂತೆ ಹೋಗುವುದೆಂದು ಇಟ್ಟುಕೊಂಡರೆ, ಎದ್ದ ಹನ್ನೆರಡನೆಯ ನಿಮಿಷದ ಸುಮಾರಿಗೆ ಗೋಕಾಕದ ಜಲಪಾತವು ಕಾಣಬೇಕು. ಉಪಗ್ರಹಗಳು ಎಷ್ಟೇ ಇರಲಿ, ಪರೀಕ್ಷೆಗೆ ಕೂರುವವನು ಇಂದಿಗೂ ನಕ್ಷೆಯ ಮೇಲೆ ಪೆನ್ಸಿಲಿನಿಂದ ಗೆರೆಯೆಳೆದು, ಗಾಳಿಯ ತ್ರಿಕೋಣವನ್ನು ಬಿಡಿಸಿ, ಯಾವ ಗುರುತು ಎಷ್ಟು ಗಂಟೆಗೆ ಬರಬೇಕೆಂದು ಬರೆಯಲು ಕಲಿತಿರಬೇಕು. ಹನ್ನೆರಡು ನಿಮಿಷವಾಗಿಯೂ ಜಲಪಾತವು ಕಾಣದಿದ್ದರೆ ಅವನು ಮೊದಲು ಗಡಿಯಾರವನ್ನು ನೋಡುವನು, ಅನಂತರ ದಿಕ್ಸೂಚಿಯನ್ನು, ಅನಂತರ ನೆಲವನ್ನು. ಅಷ್ಟರಲ್ಲಿ ಕೆಳಗೆ ಕೌಜಲಗಿಯ ಕಡೆಯ ಹೊಲವೊಂದರಲ್ಲಿ ಯಾರೋ ಕೆಲಸ ನಿಲ್ಲಿಸಿ, ಹಣೆಗೆ ಕೈಯಿಟ್ಟು ಮೇಲೆ ನೋಡುತ್ತಿರುವರು.